ಐದು–ಏಳು–ಐದರ ಚಳಿಗಾಲ

ಹೋದ ಜನವರಿಯಲ್ಲಿ ತಂಗಿಯ ಮಗಳ ಮನೆಗೆಂದು ದೋಹಾಕ್ಕೆ ಹೋಗಿದ್ದೆ. ಒಂದು ಶುಕ್ರವಾರ ಬೆಳಿಗ್ಗೆ ಅವಳು ನನ್ನನ್ನು ಕಾರಿನಲ್ಲಿ ಕೂರಿಸಿಕೊಂಡು, ದೊಡ್ಡಮ್ಮನ ಹಳೆಯ ಅಲ್ ಖೋರ್ ತೋರಿಸುತ್ತೇನೆಂದು ಉತ್ತರಕ್ಕೆ ಓಡಿಸಿದಳು. ರಸ್ತೆಯ ಗುರುತೇ ಸಿಗಲಿಲ್ಲ. ನಾವಿದ್ದಾಗ ಬರೀ ಮರಳಿದ್ದ ಕಡೆಯಲ್ಲೆಲ್ಲ ಸೇತುವೆಗಳು ಎದ್ದಿವೆ. ಊರು ಮುಟ್ಟಿ ಸಮುದ್ರದ ಪಕ್ಕ ಕಾರು ನಿಲ್ಲಿಸಿ ಬಾಗಿಲು ತೆರೆದಾಗ ಮಾತ್ರ ಊರಿನ ಗುರುತು ಸಿಕ್ಕಿತು. ಮಂಜು. ಒದ್ದೆ ಧೂಳು, ಉಪ್ಪು, ದೂರದಲ್ಲೆಲ್ಲೋ ಉರಿಯುವ ಗ್ಯಾಸು, ಮೂರೂ ಬೆರೆತ ಅದೇ ವಾಸನೆ. ನನಗೆ ಗೊತ್ತಿಲ್ಲದ ಹಾಗೆ ಬಲಗೈ ಬೆರಳುಗಳು ಒಂದೊಂದಾಗಿ ಮಡಚತೊಡಗಿದವು. ಏನು ಲೆಕ್ಕ ಹಾಕುತ್ತಿದ್ದೀರಿ ಎಂದು ಹುಡುಗಿ ಕೇಳಿದಳು. ಒಂದು ಚಳಿಗಾಲವನ್ನು ಎಂದು ಹೇಳಿ, ಅವಳಿಗೆ ಆ ಕಥೆ ಹೇಳಲು ಶುರು ಮಾಡಿದೆ. ದೋಹಾಕ್ಕೆ ಹಿಂತಿರುಗುವವರೆಗೂ ನಾನು ನಿಲ್ಲಿಸಲಿಲ್ಲ.

ಎರಡು ಸಾವಿರದ ಐದರ ನವೆಂಬರಿನಿಂದ ಮರುವರ್ಷದ ಏಪ್ರಿಲ್‌ವರೆಗಿನ ಮಾತು ಅದು. ಅಲ್ ಖೋರಿನ ಕಂಪನಿ ಮನೆಗಳಲ್ಲಿ ನಮ್ಮ ವಾಸ. ನನ್ನವರಿಗೆ ರಾಸ್ ಲಫ್ಫಾನ್ ಗ್ಯಾಸ್ ಸ್ಥಾವರದಲ್ಲಿ ಪಾಳಿ ಕೆಲಸ. ನನಗೂ ಅಲ್ಲೇ ಹೊಸದಾಗಿ ಕಟ್ಟುತ್ತಿದ್ದ ಘಟಕದ ಸೈಟ್ ಆಫೀಸಿನಲ್ಲಿ ನಕ್ಷೆಗಳನ್ನು ನೋಡಿಕೊಳ್ಳುವ ಕೆಲಸ ಸಿಕ್ಕಿತ್ತು. ಜಪಾನಿನಿಂದ, ಕೊರಿಯಾದಿಂದ ಬರುವ ಸಾವಿರಾರು ನಕ್ಷೆಗಳಿಗೆ ನಂಬರು ಹಾಕುವುದು, ಯಾವುದು ಹಳತು, ಯಾವುದು ತಿದ್ದಿದ್ದು ಎಂದು ನೋಡಿ ಮೊಹರು ಒತ್ತುವುದು, ಬೇಕಾದವರಿಗೆ ಕಳಿಸುವುದು. ಕಾಪುವಿನ ಹೈಸ್ಕೂಲಿನಲ್ಲಿ ಕನ್ನಡದಲ್ಲಿ ಮೊದಲ ಸ್ಥಾನ ಬರುತ್ತಿದ್ದ ನಾನು ಕತಾರಿಗೆ ಬಂದು ಏಳು ವರ್ಷದಲ್ಲಿ ಕನ್ನಡದಲ್ಲಿ ಬರೆದದ್ದೆಂದರೆ ಸಾಮಾನಿನ ಪಟ್ಟಿ ಮಾತ್ರ.

ಬೆಳಿಗ್ಗೆ ಆರಕ್ಕೆ ಹದಿನೈದು ನಿಮಿಷವಿದೆ ಎನ್ನುವಾಗ ಕಂಪನಿ ಬಸ್ಸು. ಓಡಿಸುತ್ತಿದ್ದವರು ಉಳ್ಳಾಲ ಕಡೆಯ ಹಮೀದ್ ಬ್ಯಾರಿ, ನಮಗೆಲ್ಲ ಹಮೀದಾಕ. ಇಪ್ಪತ್ತೆರಡು ವರ್ಷದ ಹಿಂದೆ ಬಂದು, ಮೊದಲ ಹತ್ತು ವರ್ಷ ಅಲ್ ಖೋರಿನ ಮೀನಿನ ದೋಣಿಗಳಲ್ಲಿ ದುಡಿದು, ಆಮೇಲೆ ಬಸ್ಸಿಗೆ ಬಂದವರು. ನನ್ನ ಹಿಂದಿನ ಸೀಟಿನಲ್ಲಿ ಮುಲ್ಕಿಯ ಸದಾನಂದಣ್ಣ. ಸೈಟಿನ ದೊಡ್ಡ ಉಗ್ರಾಣ ಅವರ ಕೈಯಲ್ಲಿ. ನಟ್ಟು ಬೋಲ್ಟಿನಿಂದ ಹಿಡಿದು ಆಳೆತ್ತರದ ವಾಲ್ವಿನವರೆಗೆ ಯಾವುದು ಯಾವ ಕಪಾಟಿನಲ್ಲಿದೆ ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದರು. ನಲವತ್ತೇಳು ವರ್ಷ, ಮದುವೆಯಾಗಿಲ್ಲ. ಮೂವರು ತಂಗಿಯರ ಮದುವೆ ಮಾಡಿ ಮುಗಿಸುವಷ್ಟರಲ್ಲಿ ತಮ್ಮ ವಯಸ್ಸು ದಾಟಿತು ಎಂದು ಅವರೇ ನಗುತ್ತ ಹೇಳುತ್ತಿದ್ದರು. ನಮ್ಮ ಮೂವರ ಮಾತು ತುಳು, ಕನ್ನಡ ಎರಡೂ ಕಲೆಸಿಕೊಂಡು ಸಾಗುತ್ತಿತ್ತು. ಇಲ್ಲಿ ಎಲ್ಲವನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಆ ನವೆಂಬರಿನಲ್ಲಿ ಬಸ್ಸಿಗೆ ಒಬ್ಬ ಹೊಸಬರು ಬಂದರು. ಒಕಾಡಾ ಸಾನ್; ಸಾನ್ ಎಂದರೆ ಜಪಾನಿನವರು ಮರ್ಯಾದೆಗೆ ಹೆಸರಿನ ಹಿಂದೆ ಸೇರಿಸುವ ಮಾತು. ಪೈಪುಗಳ ಬೆಸುಗೆ ಪರೀಕ್ಷೆ ಮಾಡುವ ಜಪಾನೀ ಇಂಜಿನಿಯರ್, ನಿವೃತ್ತಿಗೆ ಆರು ತಿಂಗಳು ಬಾಕಿ. ನನ್ನ ಪಕ್ಕದ ಕಿಟಕಿ ಸೀಟು ಅವರದಾಯಿತು. ತೊಡೆಯ ಮೇಲೆ ಕೈಯಿಟ್ಟು, ಹೊರಗೆ ನೋಡುತ್ತ, ಬೆರಳುಗಳನ್ನು ಒಂದೊಂದಾಗಿ ಮಡಚುವುದು, ಬಿಚ್ಚುವುದು. ಜಪ ಮಾಡುತ್ತಿದ್ದಾರೆ ಎಂದುಕೊಂಡೆ. ನಾಲ್ಕನೆಯ ದಿನ ತಡೆಯಲಾರದೆ ಯಾವ ದೇವರು ಎಂದು ಕೇಳಿಬಿಟ್ಟೆ. ಅವರು ಗಾಬರಿಯಾದರು. ಆಮೇಲೆ ಜೇಬಿನಿಂದ ಅಂಗೈಯಷ್ಟು ದೊಡ್ಡ ಪುಸ್ತಕ ತೆಗೆದು ತೋರಿಸಿ, ಹೈಕು ಎಂದರು.

ಹೈಕು ನನಗೆ ಗೊತ್ತಿತ್ತು, ಅಂದರೆ ಗೊತ್ತಿದೆ ಎಂದು ತಿಳಿದಿದ್ದೆ. ಊರಿನ ವಾರಪತ್ರಿಕೆಗಳಲ್ಲಿ ಮೂರು ಸಾಲಿನದ್ದು ಏನು ಬಂದರೂ ಅದು ಹೈಕುವೇ. ಹನಿಗವನಕ್ಕೂ ಅದಕ್ಕೂ ವ್ಯತ್ಯಾಸ ಕೇಳಿದ್ದರೆ ಸಾಲು ಎಣಿಸುತ್ತಿದ್ದೆ, ಅಷ್ಟೆ. ಒಕಾಡಾ ತಮ್ಮ ಮೆಲುದನಿಯ ಇಂಗ್ಲಿಷಿನಲ್ಲಿ ವಿವರಿಸಿದರು: ಮೂರು ತುಂಡು, ಐದು, ಏಳು, ಐದು, ಒಟ್ಟು ಹದಿನೇಳು. ಐದು ಏನು ಎಂದು ಕೇಳಿದೆ. ಶಬ್ದ ಎಂದರು. ಅಕ್ಷರವೇ ಎಂದೆ. ಅವರು ಸ್ವಲ್ಪ ಯೋಚಿಸಿ ತಮ್ಮ ದೇಶದ ರಾಜಧಾನಿಯ ಹೆಸರು ಹೇಳಿ ಬೆರಳು ಮಡಚಿದರು. ಅವರ ಬಾಯಲ್ಲಿ ಅದು ತೋಕ್ಯೋ; ನನ್ನ ಕಿವಿಗೆ ಎರಡೇ ಅಕ್ಷರ. ಬೆರಳು ಮಾತ್ರ ನಾಲ್ಕು ಮಡಚಿದ್ದವು. ತಮ್ಮ ದೇಶದ ಹೆಸರು ನಿಪ್ಪೊನ್ ಎಂದರು. ಮತ್ತೆ ಎರಡಕ್ಷರ, ನಾಲ್ಕು ಬೆರಳು.

ಕೈಚೀಲದಿಂದ ಪೆನ್ನು ತೆಗೆದು ಊಟದ ಡಬ್ಬಿಯ ಮೇಲಿನ ಕಾಗದದಲ್ಲೇ ಬರೆದೆ. ತೋ ದೀರ್ಘ, ಗುರು, ಎರಡು ಮಾತ್ರೆ. ಕ್ಯೋ ದೀರ್ಘ, ಇನ್ನೆರಡು. ನಾಲ್ಕು. ನಿಪ್ಪೊನ್: ಒತ್ತಕ್ಷರದ ಹಿಂದಿನ ನಿ ಗುರು, ಕೊನೆಯಲ್ಲಿ ವ್ಯಂಜನ ಬಂದ ಪ್ಪೊನ್ ಗುರು. ನಾಲ್ಕು. ಹೈಸ್ಕೂಲಿನ ಕನ್ನಡ ಪಂಡಿತರು ಬೆತ್ತ ಹಿಡಿದು ಷಟ್ಪದಿಗೆ ಪ್ರಸ್ತಾರ ಹಾಕಿಸಿದ್ದು ಯಾಕೆಂದು ಇಪ್ಪತ್ತು ವರ್ಷದ ಮೇಲೆ ಮರುಭೂಮಿಯ ಬಸ್ಸಿನಲ್ಲಿ ತಿಳಿಯಿತು. ಅವರು ಎಣಿಸುತ್ತಿದ್ದುದು ಮಾತ್ರೆಯನ್ನು. ಸಮುದ್ರದಾಚೆಯ ಜನ, ಲಿಪಿ ಬೇರೆ, ದೇವರು ಬೇರೆ, ಲೆಕ್ಕ ನಮ್ಮದೇ. ನಾನು ಲಘುವಿಗೂ ಗುರುವಿಗೂ ಗುರುತು ಹಾಕಿ ತೋರಿಸಿದಾಗ ಒಕಾಡಾ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದರು. ರಾಸ್ ಲಫ್ಫಾನಿನ ಗೇಟು ಬಂದದ್ದು ನಮಗಿಬ್ಬರಿಗೂ ಗೊತ್ತಾಗಲಿಲ್ಲ. ಪಾಸು ತೋರಿಸಿ ಎಂದು ಹಮೀದಾಕ ಎರಡು ಸಲ ಕೂಗಬೇಕಾಯಿತು.

ಆ ದಿನ ನಾನು ಮೂರು ನಕ್ಷೆಗಳಿಗೆ ತಪ್ಪು ಮೊಹರು ಹಾಕಿದೆ. ಮರುದಿನ ಬೆಳಿಗ್ಗೆ ನನ್ನ ಮೊದಲ ಹೈಕು ಸಿದ್ಧವಿತ್ತು. ಹದಿನೇಳು ಮಾತ್ರೆಯಲ್ಲಿ ಬರೆಯಲು ಹೋದರೆ ಕನ್ನಡದಲ್ಲಿ ಬಾಯಿ ತೆರೆಯುವಷ್ಟರಲ್ಲಿ ಮುಗಿದುಹೋಗುತ್ತಿತ್ತು. ಹಾಗಾಗಿ ಅಕ್ಷರದ ಲೆಕ್ಕವನ್ನೇ ಹಿಡಿದಿದ್ದೆ. ಅವರೂ ಒಪ್ಪಿದರು. ಸ್ಥಾವರದಲ್ಲಿ ಬೇಡದ ಗ್ಯಾಸನ್ನು ಸುಡುವ ಎತ್ತರದ ಕೊಳವೆಗಳಿದ್ದವು, ಅದರ ಮೇಲೆ:

ಕೊಳವೆ ತುದಿ
ಹಗಲಿರುಳು ಬೆಂಕಿ
ಆರುವುದಿಲ್ಲ

ಹಿಂದಿನಿಂದ ಸದಾನಂದಣ್ಣ ಬಗ್ಗಿ ಓದಿ, ಚುಟುಕದ ಹಾಗೆ ಉಂಟು, ಆದರೆ ಪ್ರಾಸ ಎಲ್ಲಿ ಹೋಯಿತು ಎಂದು ವಿಚಾರಿಸಿದರು. ಒಕಾಡಾ ಅರ್ಥ ಕೇಳಿ, ಲೆಕ್ಕ ಸರಿಯಿದೆ ಎಂದರು. ಆಮೇಲೆ ತುಂಬ ಸಂಕೋಚದಿಂದ, ಇದು ಯಾವ ಕಾಲ ಎಂದು ಕೇಳಿದರು. ವರ್ಷವಿಡೀ ಉರಿಯುವ ಬೆಂಕಿ ಯಾವ ದಿನದ್ದೂ ಅಲ್ಲ. ಹೈಕುವಿನಲ್ಲಿ ಋತುವನ್ನು ಹೇಳುವ ಒಂದು ಪದ ಇರಬೇಕು; ಮತ್ತೆ ನಡುವೆ ಎಲ್ಲಾದರೂ ಒಂದು ಕಡೆ ಕಡಿಯಬೇಕು, ಎರಡು ಚಿತ್ರಗಳು ಎದುರುಬದುರು ನಿಲ್ಲಬೇಕು, ನಡುವಿನದ್ದನ್ನು ಓದುವವನು ತುಂಬಿಕೊಳ್ಳಬೇಕು. ನನ್ನದು ಒಂದೇ ವಾಕ್ಯವನ್ನು ಮೂರು ಮಾಡಿದ್ದು.

ಋತು ಎಂದಾಗ ನಾನು ನಕ್ಕೆ. ಕತಾರಿನಲ್ಲಿ ಇರುವುದು ಎರಡು: ಏಸಿ ಹಾಕುವ ಕಾಲ, ಏಸಿ ಆರಿಸುವ ಕಾಲ. ಒಕಾಡಾ ಮಾತ್ರ ನಗಲಿಲ್ಲ. ಅವರ ದೇಶದಲ್ಲಿ ಋತುಪದಗಳದ್ದೇ ದಪ್ಪ ಕೋಶಗಳಿವೆಯಂತೆ, ಯಾವ ಹೂವು, ಯಾವ ಹುಳು, ಯಾವ ತಿಂಡಿ ಯಾವ ಕಾಲಕ್ಕೆ ಸೇರಿದ್ದು ಎಂದು. ಬಂದ ದಿನದಿಂದ ಅವರು ಇಲ್ಲಿನ ಋತುಪದ ಹುಡುಕುತ್ತಿದ್ದರು, ಒಂದೂ ಸಿಕ್ಕಿರಲಿಲ್ಲ. ಅದಕ್ಕೇ ಅವರ ಬೆರಳುಗಳು ಮಡಚಿ ಮಡಚಿ ಹಾಗೇ ಬಿಚ್ಚಿಕೊಳ್ಳುತ್ತಿದ್ದುದು.

ನಮ್ಮ ಮಾತು ಕನ್ನಡಿಯಲ್ಲಿ ನೋಡುತ್ತಿದ್ದ ಹಮೀದಾಕನಿಗೆ ಕೇಳಿಸಿತು. ಏನಂತೆ ಎಂದು ಕೇಳಿದರು. ಹೇಳಿದೆ.

"ಕಾಲ ಇಲ್ಲ ಅಂತ ಯಾರು ಹೇಳಿದ್ದು ಅಕ್ಕ? ಏಸಿ ಒಳಗೆ ಕೂತವರಿಗೆ ಇಲ್ಲ. ದೋಣಿಯಲ್ಲಿ ಕೂತವನಿಗೆ ಎಲ್ಲ ಉಂಟು."

ಅಲ್ಲಿಂದ ಶುರುವಾಯಿತು ನೋಡಿ. ದಿನಕ್ಕೊಂದು ಪದದ ಹಾಗೆ ಹಮೀದಾಕ ಸ್ಟೇರಿಂಗ್ ಹಿಡಿದುಕೊಂಡೇ ಕೊಡುತ್ತ ಹೋದರು. ನಾನು ಇಂಗ್ಲಿಷಿಗೆ ತಿರುಗಿಸುತ್ತಿದ್ದೆ, ಒಕಾಡಾ ಪುಟ್ಟ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಸುಹೈಲ್ ನಕ್ಷತ್ರ ಆಗಸ್ಟ್ ಕೊನೆಯಲ್ಲಿ ನಸುಕಿಗೆ ಮುಂಚೆ ದಕ್ಷಿಣದಲ್ಲಿ ಕಾಣಿಸಿದರೆ ಬೇಸಗೆಯ ಬೆನ್ನು ಮುರಿಯಿತು ಎಂದು ಲೆಕ್ಕ. ವಸ್ಮಿ ಎಂದರೆ ಅಕ್ಟೋಬರಿನಿಂದ ಬೀಳುವ ಮೊದಲ ಮಳೆ. ಅದು ಸರಿಯಾಗಿ ಬಿದ್ದ ವರ್ಷ ಚಳಿಯಲ್ಲಿ ಮರಳಿನಡಿ ಫಗಾ ಎಂಬ ಅಣಬೆ ಬೆಳೆಯುತ್ತದೆ, ಅರಬರು ಮನೆಮಂದಿಯೆಲ್ಲ ಹುಡುಕಲು ಹೋಗುತ್ತಾರೆ. ಶಮಾಲ್ ಉತ್ತರದ ಗಾಳಿ, ಜೂನಿನಲ್ಲಿ ಧೂಳೆಬ್ಬಿಸಿ ಹಗಲಿಗೆ ಬಣ್ಣ ಬಳಿಯುವುದು ಅದು. ಕನಾದ್ ಎಂದರೆ ನಮ್ಮ ಅಂಜಲ್ ಮೀನು, ತಂಪು ಬಂದ ಮೇಲೆ ಬಲೆಗೆ ಬರುತ್ತದೆ. ಅಲ್ ಖೋರಿನಲ್ಲಿ ಉಪ್ಪುನೀರಲ್ಲೇ ಬೆಳೆಯುವ ಕಾಂಡ್ಲಾ ಗಿಡಗಳ ಹಿನ್ನೀರಿಗೆ ಚಳಿಗಾಲದಲ್ಲಿ ಗುಲಾಬಿ ಕಾಲಿನ ದೊಡ್ಡ ಹಕ್ಕಿಗಳು ಇಳಿಯುತ್ತವೆ. ಏಳು ವರ್ಷ ಅದೇ ಊರಿನಲ್ಲಿದ್ದು ನಾನು ಇದ್ಯಾವುದನ್ನೂ ಕಂಡಿರಲಿಲ್ಲ. ಆ ಶುಕ್ರವಾರವೇ ನನ್ನವರನ್ನು ಎಳೆದುಕೊಂಡು ಹಕ್ಕಿ ನೋಡಲು ಹೋದೆ. ಕೆಸರಿನಲ್ಲಿ ಚಪ್ಪಲಿ ಹೂತುಹೋಯಿತು, ಆದರೆ ಹಕ್ಕಿ ಇದ್ದವು, ಸಾಲಾಗಿ.

ರಂಜಾನ್ ಋತುಪದ ಆಗುತ್ತದೆಯೇ ಎಂದು ಒಕಾಡಾ ಕೇಳಿದ ದಿನ ಬಸ್ಸಿನಲ್ಲಿ ದೊಡ್ಡ ಚರ್ಚೆ. ಹಮೀದಾಕ ತಲೆಯಾಡಿಸಿದರು. ಅವರು ಬಂದ ಹೊಸದರಲ್ಲಿ ಉಪವಾಸ ಉರಿಬಿಸಿಲಿಗೆ ಬೀಳುತ್ತಿತ್ತು, ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತ ಸರಿಯುತ್ತ ಈಗ ತಂಪಿಗೆ ಬಂದು ನಿಂತಿದೆ. ಅದು ಎಲ್ಲ ಕಾಲವನ್ನೂ ಸುತ್ತಿ ಬರುವುದು, ಒಂದು ಕಾಲಕ್ಕೆ ಕಟ್ಟಲಿಕ್ಕಾಗದು ಎಂದರು. ಒಕಾಡಾ ಪುಸ್ತಕದಲ್ಲಿ ಅದಕ್ಕೆಂದೇ ಒಂದು ಪುಟ ಖಾಲಿ ಬಿಟ್ಟರು.

ಡಿಸೆಂಬರಿನ ಒಂದು ಬೆಳಿಗ್ಗೆ ಕೈ ಚಾಚಿದರೆ ಬೆರಳು ಕಾಣದಷ್ಟು ಮಂಜು. ನಿಲ್ದಾಣದಲ್ಲಿ ನಾವು ಆರೇಳು ಮಂದಿ. ಬಸ್ಸು ಬಂದು ನಿಂತದ್ದು ಇಂಜಿನ್ನಿನ ಸದ್ದಿನಿಂದ ಗೊತ್ತಾಯಿತು, ಕಣ್ಣಿಗೆ ಏನೂ ಇಲ್ಲ. ಒಳಗಿನಿಂದ ಯಾರೋ ಕೆಮ್ಮಿದರು. ಹತ್ತಿ ಕೂತವಳೇ ಬರೆದೆ:

ಮುಂಜಾನೆ ಮಂಜು
ಕಾಣದ ಬಸ್ಸಿನಿಂದ
ಯಾರದೋ ಕೆಮ್ಮು

ಒಕಾಡಾ ಅರ್ಥ ಕೇಳಿದರು. ಗೇಟು ಬರುವ ಹೊತ್ತಿಗೆ ಎದ್ದು ನಿಂತು, ಸೊಂಟ ಬಗ್ಗಿಸಿ ನನಗೆ ನಮಸ್ಕಾರ ಮಾಡಿದರು. ಕೆಮ್ಮಿದ್ದು ತಾನೇ ಎಂದು, ಅಂದು ಬಸ್ಸು ಹೊರಡುವಲ್ಲೇ ಹತ್ತಿ ಕೂತಿದ್ದ ಸದಾನಂದಣ್ಣ ಇಡೀ ಬಸ್ಸಿಗೆ ಹೇಳಿಕೊಂಡರು, ಹೈಕುವಿನಲ್ಲಿ ತನ್ನದೂ ಪಾಲುಂಟು ಎಂದು.

ನನ್ನ ತಲೆ ತಿರುಗಿತು ಎಂದು ಒಪ್ಪಿಕೊಳ್ಳಬೇಕು. ನಕ್ಷೆ ಇಡುವ ಪ್ಲಾಸ್ಟಿಕ್ ಹೊದಿಕೆಯೊಂದನ್ನು ಡ್ರೈವರ್ ಸೀಟಿನ ಹಿಂದೆ ಅಂಟಿಸಿ, ವಾರಕ್ಕೆರಡು ಪದ್ಯ, ಕೆಳಗೆ ಇಂಗ್ಲಿಷಿನಲ್ಲಿ ಅರ್ಥ, ಬರೆದು ತೂರಿಸತೊಡಗಿದೆ. ಹತ್ತುವಾಗಲೇ ಎಲ್ಲರ ಕಣ್ಣು ಅಲ್ಲಿಗೆ. ಮಲಯಾಳಿಗಳು, ಫಿಲಿಪೈನ್ಸಿನವರು ನಿಂತು ಓದುತ್ತಿದ್ದರು. ಆ ಹೊತ್ತಿಗೆ ಒಕಾಡಾ ಸೆನ್‌ರ್ಯು ಎಂಬ ಇನ್ನೊಂದು ಬಗೆ ಹೇಳಿಕೊಟ್ಟರು. ಅಳತೆ ಹೈಕುವಿನದ್ದೇ, ಹದಿನೇಳು. ಆದರೆ ಋತು ಬೇಡ, ಕಡಿಯುವುದೂ ಬೇಡ; ಹೈಕು ನೋಡುವುದು ಮಂಜನ್ನು, ಹಕ್ಕಿಯನ್ನು; ಸೆನ್‌ರ್ಯು ನೋಡುವುದು ಮನುಷ್ಯನನ್ನು, ಅವನ ಪೆಚ್ಚುತನವನ್ನು. ನನಗೆ ಇದು ಹೈಕುವಿಗಿಂತ ಸುಲಭವಾಗಿ ಕೈಗೆ ಬಂತು. ಅದೇ ತಪ್ಪಾಯಿತು.

ಜನವರಿ ನಡುವಿನಲ್ಲಿ ಸದಾನಂದಣ್ಣ ಮಾರ್ಚಿಗೆ ರಜೆ ಬರೆದುಕೊಟ್ಟರು. ಮರುದಿನ ಬಸ್ಸು ಹತ್ತಿದಾಗ ಅವರ ತಲೆ ಕಪ್ಪು ಮಿಂಚುತ್ತಿತ್ತು. ಕಿವಿಯ ಅಂಚಿನಲ್ಲಿ ಸ್ವಲ್ಪ ಬಣ್ಣ ಹತ್ತಿಕೊಂಡಿತ್ತು. ನನ್ನ ಬೆರಳುಗಳು ತಾವಾಗಿಯೇ ಮಡಚಿದವು, ಹತ್ತು ನಿಮಿಷದಲ್ಲಿ ಪದ್ಯ ಬಂದು ಕೂತಿತು. ಯಾರಿಗೂ ತೋರಿಸದೆ ಆ ಸಂಜೆ ಹೊದಿಕೆಯಲ್ಲಿಟ್ಟೆ:

ಊರಿನ ರಜೆ
ತಲೆಯಿಂದ ತೊಳೆದ
ಹತ್ತು ವರುಷ

ಮರುದಿನ ಬೆಳಿಗ್ಗೆ ಹತ್ತಿದವರೆಲ್ಲ ಓದಿ ನಕ್ಕರು. ಎರಡನೇ ನಿಲ್ದಾಣದಲ್ಲಿ ಸದಾನಂದಣ್ಣ ಹತ್ತಿದಾಗ ನಗು ಇನ್ನೂ ಜೋರಾಯಿತು. ಅವರು ನಿಂತು ಓದಿದರು. ತಮ್ಮ ಸೀಟಿಗೆ ಬಾರದೆ ಹಿಂದಿನ ಸಾಲಿಗೆ ಹೋಗಿ ಕೂತರು. ಅದರ ಮರುದಿನ ಬಸ್ಸಿಗೇ ಬರಲಿಲ್ಲ. ಉಗ್ರಾಣದ ಪಿಕಪ್ಪಿನಲ್ಲಿ ಹೋಗುತ್ತಿದ್ದಾರೆ ಎಂದು ಯಾರೋ ಹೇಳಿದರು. ನಾಲ್ಕನೇ ದಿನ ಸಂಜೆ ಎಲ್ಲರೂ ಇಳಿದ ಮೇಲೆ ಹಮೀದಾಕ ನನ್ನನ್ನು ತಡೆದರು.

"ಅಕ್ಕ, ಅವರು ತಲೆ ಪೂರ್ತಿ ಸಣ್ಣ ಮಾಡಿಸಿದ್ದಾರೆ. ರಜೆ ಬೇಡ ಅಂತ ಆಫೀಸಿಗೆ ಬರೆದು ಕೊಟ್ಟಿದ್ದಾರಂತೆ. ಅವರು ಊರಿಗೆ ಹೊರಟದ್ದು ಹೆಣ್ಣು ನೋಡ್ಲಿಕ್ಕೆ. ನಿಮಗೆ ಗೊತ್ತಿರ್ಲಿಲ್ಲ, ನನಗೆ ಗೊತ್ತಿತ್ತು."

ಉಳಿದದ್ದನ್ನೂ ಅವರೇ ಹೇಳಿದರು. ಕಿನ್ನಿಗೋಳಿ ಕಡೆಯ ಒಬ್ಬ ಕನ್ನಡ ಟೀಚರಂತೆ, ನಲವತ್ತೊಂದು ವರ್ಷ. ಮುಂಚೆ ಎರಡು ಕಡೆ ಸದಾನಂದಣ್ಣನ ವಯಸ್ಸು ಕೇಳಿಯೇ ಬೇಡ ಎಂದಿದ್ದರಂತೆ. ಇದು ಹೇಗೋ ಕೂಡಿ ಬಂದಿತ್ತು.

ಮರುದಿನ ಒಕಾಡಾರಿಗೆ ಎಲ್ಲ ಹೇಳಿದೆ. ಆ ಮನುಷ್ಯ ಯಾವತ್ತೂ ನನ್ನ ಹತ್ತಿರ ಗಟ್ಟಿಯಾಗಿ ಮಾತಾಡಿದವರಲ್ಲ. ಅಂದೂ ದನಿ ಏರಿಸಲಿಲ್ಲ.

"ಅದು ಸೆನ್‌ರ್ಯು ಅಲ್ಲ, ಶಶಿ ಸಾನ್," ಎಂದರು. "ಸೆನ್‌ರ್ಯು ಓದಿದವನು ತನ್ನನ್ನೇ ನೋಡಿ ನಗಬೇಕು. ಬಸ್ಸಿನವರೆಲ್ಲ ತಿರುಗಿ ಒಬ್ಬನನ್ನು ನೋಡಿದರೆ ಅದು ಬರೀ ಬೆರಳು ತೋರಿಸಿದ್ದು."

ಅಂದೇ ಸಂಜೆ ನನ್ನ ಹಾಳೆ ತೆಗೆದು ತಮ್ಮದೊಂದನ್ನು ಇಟ್ಟರು. ಕನ್ನಡ ನನ್ನದು, ಸಂಗತಿ ಅವರದು:

ಮನೆಗೆ ಫೋನು
ಹೆಂಡತಿ ಕೇಳಿದಳು
ಯಾವ ಒಕಾಡಾ

ಬಸ್ಸಿನಲ್ಲಿದ್ದವರೆಲ್ಲ ಮನೆಯಿಂದ ಸಾವಿರ ಮೈಲಿ ದೂರ ಇದ್ದವರು. ಓದಿ ನಕ್ಕರು, ನಕ್ಕು ತಮ್ಮ ತಮ್ಮ ಮೊಬೈಲು ನೋಡಿಕೊಂಡರು. ವ್ಯತ್ಯಾಸ ನನಗೆ ಅರ್ಥವಾದದ್ದು ಆಗ.

ಮರುದಿನ ಮಧ್ಯಾಹ್ನ ಊಟದ ಬಿಡುವಿನಲ್ಲಿ ಉಗ್ರಾಣಕ್ಕೆ ಹೋದೆ. ಸದಾನಂದಣ್ಣ ಕಪಾಟುಗಳ ನಡುವೆ ಒಬ್ಬರೇ ಕೂತು ಬುತ್ತಿ ಬಿಚ್ಚುತ್ತಿದ್ದರು. ತಲೆಯ ಮೇಲೆ ಅರ್ಧ ಇಂಚು ಕೂದಲು, ಕಪ್ಪಿಗಿಂತ ಬಿಳಿಯೇ ಹೆಚ್ಚು. ತಪ್ಪಾಯಿತು ಎಂದೆ. ಅವರು ಒಂದು ಮರದ ಪೆಟ್ಟಿಗೆ ಎಳೆದು ಕೂರಲು ಹೇಳಿ, ಅರ್ಧ ಚಪಾತಿ ನನ್ನ ಕಡೆ ಸರಿಸಿದರು.

"ನಗಾಡಿದ್ದಕ್ಕೆ ಬೇಜಾರಿಲ್ಲ ಶಶಿ. ಹತ್ತು ವರ್ಷ ನಿಜವಾಗಿ ತೊಳೆದು ಹೋಗುದಾದ್ರೆ ನಾನು ಡಬ್ಬಗಟ್ಟಲೆ ತರ್ತಿದ್ದೆ. ಬೇಜಾರು ಬೇರೆ. ದಲ್ಲಾಳಿ ಅವರಿಗೆ ನನ್ನ ವಯಸ್ಸು ನಲವತ್ತೆರಡು ಅಂತ ಹೇಳಿದ್ದಾನೆ. ನಿನ್ನ ಆ ಮೂರು ಸಾಲು ಓದಿದ ಮೇಲೆ ನನಗೆ ಗೊತ್ತಾದ್ದು, ನಾನು ಆ ಸುಳ್ಳಿಗೆ ಬಣ್ಣ ಹಚ್ಚುತ್ತಾ ಇದ್ದೆ."

ಹಾಗಾದರೆ ಅವರಿಗೆ ನಿಜ ಹೇಳಿಬಿಡಿ ಎಂದೆ. ಫೋನಿನಲ್ಲಿ ಇದುವರೆಗೆ ಎರಡು ಸಲ ಮಾತಾಡಿದ್ದಂತೆ, ಎರಡು ಸಲವೂ ಮಳೆ, ಸೆಖೆ, ಊಟ ಆಯಿತೇ ಎಂಬಲ್ಲಿಗೆ ಮುಗಿದಿತ್ತಂತೆ. ನಿಜ ಹೇಳಲು ಬಾಯಿ ಬರುವುದಿಲ್ಲ ಎಂದರು. ಆ ಸಂಜೆ ನಾನು ಅವರನ್ನು ಕೈ ಹಿಡಿದು ಎಳೆದಂತೆಯೇ ಬಸ್ಸಿಗೆ ಹತ್ತಿಸಿ ಒಕಾಡಾರ ಪಕ್ಕ ಕೂರಿಸಿದೆ. ವಿಷಯ ಕೇಳಿದ್ದೇ ತಡ, ಆ ಮಿತಭಾಷಿ ಜಪಾನಿಗೆ ರೆಕ್ಕೆ ಬಂತು. ಇದಕ್ಕೆ ಹೈಕು ಅಲ್ಲ, ಸೆನ್‌ರ್ಯುವಂತೂ ಅಲ್ಲವೇ ಅಲ್ಲ, ತಾಂಕಾ ಬೇಕು ಎಂದರು. ಹೈಕುವಿಗಿಂತ ಎಷ್ಟೋ ಹಳೆಯದು ಅದು. ಐದು ಏಳು ಐದು ಆದ ಮೇಲೆ ಇನ್ನೂ ಎರಡು ಸಾಲು, ಏಳು, ಏಳು; ಒಟ್ಟು ಮೂವತ್ತೊಂದು. ಹೈಕುವಿನಲ್ಲಿ ಕವಿ ಬಾಗಿಲ ಹಿಂದೆ ನಿಂತಿರುತ್ತಾನೆ, ತಾಂಕಾದಲ್ಲಿ ಹೊರಗೆ ಬಂದು ನನಗೆ ಹೀಗಾಗುತ್ತಿದೆ ಎಂದು ಹೇಳಬಹುದು. ಹಿಂದಿನ ಕಾಲದಲ್ಲಿ ಪ್ರೀತಿಸಿದವರು ಒಬ್ಬರಿಗೊಬ್ಬರು ಕಳಿಸಿಕೊಳ್ಳುತ್ತಿದ್ದುದು ಅದನ್ನೇ. ಇನ್ನೂ ಒಂದು ಪದ್ಧತಿ ಉಂಟು, ಮೊದಲ ಮೂರು ಸಾಲು ಒಬ್ಬರು ಬರೆದು, ಕೊನೆಯ ಎರಡನ್ನು ಇನ್ನೊಬ್ಬರಿಗೆ ಬಿಡುವುದು.

ಸದಾನಂದಣ್ಣ ಅದಕ್ಕೆ, ನಾನು ಉಗ್ರಾಣದವನು, ಇದ್ದ ಮಾಲು ಎಣಿಸಿ ಗೊತ್ತೇ ಹೊರತು ಹೊಸದು ಮಾಡಿ ಗೊತ್ತಿಲ್ಲ ಎಂದರು. ಎಣಿಸಲು ಬಂದರೆ ಅರ್ಧ ಕೆಲಸ ಆಯಿತು ಎಂದರು ಒಕಾಡಾ. ನಾನು ಒಂದೇ ಷರತ್ತು ಹಾಕಿದೆ: ಎಣಿಕೆ ನೋಡುತ್ತೇನೆ, ಮಾತು ಮಾತ್ರ ಹೇಳಿಕೊಡುವುದಿಲ್ಲ.

ಆಮೇಲಿನ ಮೂರು ವಾರ! ಬಸ್ಸಿನಲ್ಲಿ ಎಲ್ಲಿ ನೋಡಿದರೂ ಮಡಚುವ ಬೆರಳುಗಳು. ಸದಾನಂದಣ್ಣ ಸರಕಿನ ಲೆಕ್ಕದ ಬಿನ್ ಕಾರ್ಡುಗಳ ಹಿಂದೆ ಬರೆದು ತರುತ್ತಿದ್ದರು. ಮೊದಲು ಚಂದಿರ, ತಾವರೆ, ಹುಣ್ಣಿಮೆ. ಇದನ್ನು ನೀವು ಎಲ್ಲಿ ನೋಡಿದಿರಿ ಎಂದು ಒಕಾಡಾ ಕೇಳಿದರೆ ಕಾರ್ಡು ಮತ್ತೆ ಜೇಬಿಗೆ. ಆಮೇಲೆ ವಸ್ಮಿ ಮಳೆ, ಮರಳಿನಡಿಯ ಅಣಬೆ. ಅದು ಚೆನ್ನಾಗಿಯೇ ಇತ್ತು, ಆದರೆ ಅದನ್ನು ಓದಿದರೆ ಕಿನ್ನಿಗೋಳಿಯಲ್ಲಿ ಯಾರಿಗೆ ಏನು ತಿಳಿಯಬೇಕು ಎಂದು ಹಮೀದಾಕ ಮುಂದಿನಿಂದಲೇ ತಳ್ಳಿಹಾಕಿದರು. ಹೇಳಬೇಕಾದ್ದನ್ನು ಬಿಟ್ಟು ಸುತ್ತಮುತ್ತಲಿನದ್ದೆಲ್ಲ ಬರುತ್ತಿತ್ತು. ಫೆಬ್ರವರಿಯ ಒಂದು ಬೆಳಿಗ್ಗೆ ಅವರು ಹತ್ತಿದವರೇ ಯಾರ ಮುಖವನ್ನೂ ನೋಡದೆ ಕಾರ್ಡು ನನ್ನ ಕೈಗಿಟ್ಟರು:

ನರೆತ ತಲೆ
ಬಣ್ಣ ಹಚ್ಚದೆ ಬರ್ಲಾ
ನೀವೇ ಹೇಳಿರಿ

ಎಣಿಸಿದೆ. ಐದು, ಏಳು, ಐದು. ಒಕಾಡಾರಿಗೆ ಅರ್ಥ ಹೇಳಿದೆ. ಅವರು ಒಂದಕ್ಷರ ಬದಲಿಸಬೇಡಿ ಎಂದರು. ಸದಾನಂದಣ್ಣ ಮೊಬೈಲು ತೆಗೆದು, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಒತ್ತಿ, ಕೆಳಗೆ ಎರಡು ಮಾತು ಸೇರಿಸಿದರು: ನನಗೆ ನಲವತ್ತೇಳು, ದಲ್ಲಾಳಿ ಹೇಳಿದ್ದು ಸುಳ್ಳು, ಇದಕ್ಕೆ ಇನ್ನೆರಡು ಸಾಲು ಬೇಕಂತೆ, ಏಳಕ್ಷರ, ಏಳಕ್ಷರ, ಬರೆಯುವುದು ಬಿಡುವುದು ನಿಮಗೆ ಬಿಟ್ಟದ್ದು. ಕಳಿಸುವ ಗುಂಡಿ ಒತ್ತಿ ಮೊಬೈಲನ್ನು ಹಾವು ಹಿಡಿದವರಂತೆ ಜೇಬಿಗೆ ಹಾಕಿದರು.

ಆ ದಿನ ಉತ್ತರ ಬರಲಿಲ್ಲ. ಮರುದಿನವೂ ಇಲ್ಲ. ಮೂರನೆಯ ದಿನ ಬಸ್ಸು ಹತ್ತಿದವರೆಲ್ಲ ಮೊದಲು ಅವರ ಮುಖ ನೋಡುತ್ತಿದ್ದರು, ಆಮೇಲೆ ಬೇರೆಡೆ ನೋಡುತ್ತಿದ್ದರು. ನಾನು ಮನೆಯಲ್ಲಿ ಅನ್ನ ಅಡಿ ಹಿಡಿಸಿದೆ, ಆಫೀಸಿನಲ್ಲಿ ಕಳೆದ ತಿಂಗಳ ತಾರೀಖು ಹಾಕಿದೆ. ಒಬ್ಬರ ಮದುವೆಯನ್ನು ಒಂದು ಸಲ ಕೆಡಿಸಿ ಎರಡನೇ ಸಲವೂ ನಾನೇ ಕೆಡಿಸಿದೆನೇ ಎಂದು ಒಳಗೊಳಗೇ ಉರಿಯುತ್ತಿದ್ದೆ. ಸದಾನಂದಣ್ಣ ಮಾತ್ರ ವಿಚಿತ್ರವಾಗಿ ಹಗುರಾಗಿದ್ದರು. ಹೇಳಿಯಾಯಿತಲ್ಲ, ಇನ್ನು ಅವರ ಇಷ್ಟ ಎನ್ನುತ್ತಿದ್ದರು.

ಐದನೆಯ ದಿನ ಬಸ್ಸು ರಾಸ್ ಲಫ್ಫಾನಿನ ಕೊನೆಯ ವೃತ್ತ ಸುತ್ತುತ್ತಿತ್ತು. ಊರಿನಲ್ಲಿ ಆಗ ಎಂಟೂವರೆ ದಾಟಿರಬೇಕು, ಶಾಲೆಯ ಗಂಟೆ ಹೊಡೆಯುವ ಮುಂಚೆ. ಹಿಂದಿನ ಸೀಟಿನಲ್ಲಿ ಮೊಬೈಲು ಎರಡು ಸಲ ಸದ್ದು ಮಾಡಿತು. ಸದಾನಂದಣ್ಣ ನೋಡಿದರು. ಮತ್ತೆ ನೋಡಿದರು. ಆಮೇಲೆ ಅದನ್ನು ನನ್ನ ಭುಜದ ಮೇಲಿಂದ ಚಾಚಿ, ಓದು ಎಂದರು. ನಾನು ಓದಿದೆ:

ಹಾಗೇ ಬನ್ನಿ, ನನಗೂ
ಚಾಳೀಸು ಬಂದಾಗಿದೆ

ಅದರ ಕೆಳಗೆ ಇನ್ನೊಂದು ಸಾಲು 'ಏಳಕ್ಷರ ಸರಿಯಾಗಿ ಬರಲು ನಾಲ್ಕು ದಿನ ಬೇಕಾಯಿತು, ಕ್ಷಮಿಸಿ' ಎಂದಿತ್ತು.

ಒಕಾಡಾ ನನ್ನ ಬಾಯಿ ನೋಡುತ್ತ ಬೆರಳು ಮಡಚಿದ್ದರು. ಏಳು, ಏಳು. ಓದಲು ಕನ್ನಡಕ ಬೇಕಾದ ವಯಸ್ಸನ್ನು ನಮ್ಮಲ್ಲಿ ಚಾಳೀಸು ಎನ್ನುತ್ತೇವೆ ಎಂದು ನಾನು ವಿವರಿಸುವಷ್ಟರಲ್ಲಿ ಅವರು ಎದ್ದು ನಿಂತಾಗಿತ್ತು. ಸದಾನಂದಣ್ಣನ ಕಡೆ ತಿರುಗಿ, ಓಡುವ ಬಸ್ಸಿನಲ್ಲಿ ಕಂಬಿ ಹಿಡಿದುಕೊಂಡು, ನನಗೆ ಅಂದು ಬಗ್ಗಿದ್ದಕ್ಕಿಂತ ಎಷ್ಟೋ ಕೆಳಗೆ ಬಗ್ಗಿದರು. ಫಿಲಿಪೈನ್ಸಿನ ಹುಡುಗಿಯರು ಏನಾಯಿತು ಎಂದು ಕೇಳಿ, ತಿಳಿದು ಚಪ್ಪಾಳೆ ತಟ್ಟಿದರು. ಹಮೀದಾಕ ಗೇಟಿನವರೆಗೂ ಹಾರನ್ ಹೊಡೆದರು. ಕಾವಲಿನವರು ಹೆದರಿ ಹೊರಗೆ ಬಂದು, ಏನು ಎಂದು ಕೇಳಿದರೆ, ಮಾಫಿ ಮುಷ್ಕಿಲ್, ಏನಿಲ್ಲ, ಮದುವೆ ಎಂದರು. ಸದಾನಂದಣ್ಣ ಇಳಿಯುವಾಗ ಊಟದ ಡಬ್ಬಿ ಮರೆತರು.

ರಜೆ ಮತ್ತೆ ಬರೆದುಕೊಟ್ಟರು, ಮಾರ್ಚಿನಲ್ಲಿ ನರೆತ ತಲೆಯಲ್ಲೇ ವಿಮಾನ ಹತ್ತಿದರು. ನೋಡಲು ಹೋದ ವಾರದಲ್ಲೇ ನಿಶ್ಚಯವಾಯಿತು, ಏಪ್ರಿಲ್ ಮೊದಲಲ್ಲಿ ಹುಡುಗಿಯ ಮನೆಯ ಅಂಗಳದಲ್ಲಿ ಮದುವೆ. ನನಗೂ ಹಮೀದಾಕನಿಗೂ ರಜೆ ಸಿಗಲಿಲ್ಲ. ಒಕಾಡಾ ಸಾಮಾನು ಕಟ್ಟುತ್ತಿದ್ದರು, ಅವರ ಕೆಲಸ ಮುಗಿದು ಹೊರಡಲು ಎರಡೇ ದಿನ ಬಾಕಿ. ಋತುಪದಗಳ ಪುಟ್ಟ ಪುಸ್ತಕದಲ್ಲಿ ತೊಂಬತ್ತಕ್ಕೂ ಹೆಚ್ಚು ಪದ ತುಂಬಿದ್ದವು. ಅದರದ್ದೊಂದು ನಕಲು ಮಾಡಿ ಹಮೀದಾಕನ ಕೈಗಿಟ್ಟು, ಇದರ ಕರ್ತೃ ನೀವು ಎಂದಿದ್ದರು.

ಮದುವೆಯ ಮರುದಿನ ಮಧ್ಯಾಹ್ನ ಆಫೀಸಿನ ಫೋನು ಹೊಡೆಯಿತು. ಕಿನ್ನಿಗೋಳಿಯಿಂದ ಸದಾನಂದಣ್ಣ. ಹಿಂದೆ ಪಾತ್ರೆಗಳ ಸದ್ದು, ಮಕ್ಕಳ ಗಲಾಟೆ. ಮದುವೆ ಹೇಗಾಯಿತು ಎಂದು ನಾನು ಕೇಳುತ್ತಲೇ ಇದ್ದೆ, ಅವರಿಗೆ ಬೇರೆಯೇ ಅವಸರ.

"ಅದೆಲ್ಲ ಬಂದು ಹೇಳ್ತೇನೆ. ಒಕಾಡಾ ಸಾಹೇಬ್ರು ಹೋಗುವ ಮೊದಲು ಒಂದು ಕೇಳು ಶಶಿ. ಟೀಚರು ಕೇಳ್ತಾ ಇದ್ದಾರೆ. ಆ ಏಳು ಏಳು ಆದ ಮೇಲೆ ಏನು ಅಂತ."

ಫೋನನ್ನು ಹಾಗೇ ಮೇಜಿನ ಮೇಲಿಟ್ಟು ಪಕ್ಕದ ಕೋಣೆಗೆ ಓಡಿದೆ. ಒಕಾಡಾ ಪೆಟ್ಟಿಗೆಗೆ ಹಗ್ಗ ಕಟ್ಟುತ್ತಿದ್ದವರು ಪ್ರಶ್ನೆ ಕೇಳಿ ಹಗ್ಗ ಬಿಟ್ಟರು. ಅಲ್ಲಿಗೆ ನಿಲ್ಲಿಸಿದರೆ ಅದು ತಾಂಕಾ, ಎಂದರು. ನಿಲ್ಲಿಸದೆ ಅವರು ಮತ್ತೆ ಐದು ಏಳು ಐದು ಬರೆದು, ಇವರು ಮತ್ತೆ ಏಳು ಏಳು ಬರೆದು, ಹಾಗೇ ಕಟ್ಟುತ್ತ ಹೋದರೆ ಅದಕ್ಕೆ ರೆಂಗಾ ಎಂದು ಹೆಸರು. ನೂರು ಕೊಂಡಿಯದ್ದೂ ಇದೆ, ಸಾವಿರದ್ದೂ ಇದೆ. ನಿಯಮ ಬಹಳ, ಮುಖ್ಯವಾದದ್ದು ಒಂದೇ: ಪ್ರತಿ ಕೊಂಡಿಯೂ ತನ್ನ ಹಿಂದಿನ ಒಂದನ್ನು ಮಾತ್ರ ಹಿಡಿಯಬೇಕು, ಅದರ ಹಿಂದಕ್ಕೆ ತಿರುಗಿ ಹೋಗುವಂತಿಲ್ಲ, ಮುಂದಕ್ಕೇ ಸಾಗಬೇಕು.

ಓಡಿಬಂದು ಫೋನಿನಲ್ಲಿ ಅದನ್ನೇ ಹೇಳಿದೆ. ಆ ಕಡೆ ಸದಾನಂದಣ್ಣ ಯಾರಿಗೋ ತುಳುವಿನಲ್ಲಿ ನಿಧಾನವಾಗಿ ದಾಟಿಸಿದರು. ಒಂದು ಹೆಣ್ಣು ದನಿ ಏನೋ ಹೇಳಿ ನಕ್ಕಿತು. ಅವರು ಮತ್ತೆ ಫೋನಿಗೆ ಬಂದರು.

"ಆಗಬಹುದಂತೆ," ಎಂದರು. "ನೂರು ಪುಟದ ಒಂದು ಬರೆಯುವ ಪುಸ್ತಕ ತನ್ನಿ ಅಂತ ಈಗಲೇ ನನ್ನನ್ನು ಪೇಟೆಗೆ ಕಳಿಸ್ತಾ ಇದ್ದಾರೆ."